ಗುಡ್ಡ ಹತ್ತಿದ ಕುಬಸದ ಬುತ್ತಿ

ಮೊದಲಿಗೇ ಒಂದು ಮಾತು ಸ್ಪಷ್ಟಪಡಿಸಿಬಿಡುತ್ತೇನೆ. ಗಾಡಿ ಓಡಿಸುವುದರಲ್ಲಿ ನಾನು ಜಾಣ. ಇದು ನನ್ನ ಅಭಿಪ್ರಾಯವಲ್ಲ, ನನಗೆ ಖಚಿತವಾಗಿ ಗೊತ್ತಿರುವ ಸಂಗತಿ. ರಾಯಚೂರಿನಲ್ಲಿ ಪೈಪು ಮತ್ತು ಪಂಪ್‌ಸೆಟ್ಟಿನ ಅಂಗಡಿ ಇಟ್ಟುಕೊಂಡು ಇಪ್ಪತ್ತೈದು ವರ್ಷ ಈ ಜಿಲ್ಲೆಯ ರಸ್ತೆಗಳಲ್ಲಿ ಗಾಡಿ ಓಡಿಸಿದ್ದೇನೆ. ಒಂದು ಸಲವೂ ಯಾರಿಗೂ ಗುದ್ದಿಲ್ಲ. ನನಗೆ ಗುದ್ದಿದವರು ಇದ್ದಾರೆ, ಅದು ಬೇರೆ ವಿಷಯ.

ಹೋದ ವರ್ಷ ಏಳು ಸೀಟಿನ ದೊಡ್ಡ ಎಸ್‌ಯುವಿ ಕೊಂಡೆ. ನಮ್ಮ ಓಣಿಯಲ್ಲಿ ಅದು ತಿರುಗಬೇಕಾದರೆ ಎರಡು ಸ್ಕೂಟರು, ಒಂದು ಎಮ್ಮೆ ಮೊದಲು ಜಾಗ ಖಾಲಿ ಮಾಡಬೇಕು. ಅಷ್ಟು ದೊಡ್ಡದು! ಗೇರಿನ ಪಕ್ಕದಲ್ಲಿ ಒಂದು ದುಂಡನೆಯ ಬಟನ್ನು. ಅದನ್ನು ತಿರುಗಿಸಿದರೆ ನಾಲ್ಕೂ ಚಕ್ರಕ್ಕೆ ಬಲ ಬಂದು, ಬಂಡೆ, ಮರಳು, ಕೆಸರು ಏನಿದ್ದರೂ ಹತ್ತಿಕೊಂಡು ಹೋಗುತ್ತದೆ ಎಂದು ಗಾಡಿ ಮಾರಿದವನು ಹೇಳಿದ್ದ. ನಾನು ಅದನ್ನು ಒಂದು ಸಲವೂ ತಿರುಗಿಸಿರಲಿಲ್ಲ. ನಮ್ಮ ಮನೆಗೂ ಅಂಗಡಿಗೂ ಒಂದೂವರೆ ಕಿಲೋಮೀಟರು, ನಡುವೆ ಬಂಡೆಗಳಿಲ್ಲ.

ಆದರೆ ಆಸೆ ಬಿಡಬೇಕಲ್ಲ! ಊಟವಾದ ಮೇಲೆ ಮೊಬೈಲಿನಲ್ಲಿ ಜನ ಇಂಥದೇ ಗಾಡಿಗಳನ್ನು ಬೆಟ್ಟ ಹತ್ತಿಸುವ ವಿಡಿಯೊ ನೋಡುವುದು ನನಗೆ ಚಟವಾಯಿತು. ಟೈರಿನ ಗಾಳಿ ಎಷ್ಟು ಇಳಿಸಬೇಕು, ಇಳಿಜಾರಿನಲ್ಲಿ ಬ್ರೇಕನ್ನು ಯಾವಾಗ ಮುಟ್ಟಬಾರದು, ಎಲ್ಲ ಬಾಯಿಪಾಠವಾಯಿತು. ಕೊನೆಗೆ ಅದಕ್ಕೆ ಬೇಕಾಗುವ ಸರಂಜಾಮೂ ತರಿಸಿದೆ. ಗಾಡಿ ಎಳೆಯುವ ದಪ್ಪ ಹಗ್ಗ, ಎರಡು ಕಬ್ಬಿಣದ ಕೊಂಡಿ, ಒಂದು ಸಲಿಕೆ, ಇವನ್ನೆಲ್ಲ ಇಡಲು ಒಂದು ಉಕ್ಕಿನ ಪೆಟ್ಟಿಗೆ. ಪೆಟ್ಟಿಗೆಯನ್ನು ಎತ್ತಲು ಹೋಗಿ ನನ್ನ ನಡ ಹಿಡಿದುಕೊಂಡಿತು.

"ಇದೇನ್ರೀ ಇದು? ಬಾವಿ ತೋಡಾಕ ಹೊಂಟೀರೇನು?" ಎಂದಳು ನನ್ನ ಹೆಂಡತಿ ಶಾಂತಾ.

"ನಿಂಗ ತಿಳಿಯಂಗಿಲ್ಲ. ಗಾಡಿ ಎಲ್ಲೆರ ಸಿಕ್ಕಂಡ್ರ ಎಳ್ಯಾಕ ಬೇಕಾಗ್ತದ."

"ಎಲ್ಲಿ ಸಿಕ್ಕಂತದ? ಕಾಯಿಪಲ್ಲೆ ಮಾರ್ಕೆಟ್ನ್ಯಾಗ?"

ಪೆಟ್ಟಿಗೆಯನ್ನು ಡಿಕ್ಕಿಯಲ್ಲಿಟ್ಟು ಬೀಗ ಹಾಕಿದೆ.

ಹೀಗಿರುವಾಗ ಬಸುರಿಯಾಗಿದ್ದ ನಮ್ಮ ಒಬ್ಬಳೇ ಮಗಳು ಸುಮಾಳಿಗೆ ಏಳನೇ ತಿಂಗಳು ಹಿಡಿಯಿತು. ಅವಳನ್ನು ದೇವದುರ್ಗಕ್ಕೆ ಕೊಟ್ಟಿದ್ದೇವೆ. ಏಳನೇ ತಿಂಗಳಲ್ಲಿ ಕುಬಸ ಮಾಡುವುದು ನಮ್ಮ ಕಡೆಯ ಪದ್ಧತಿ. ತವರಿನವರು ಬುತ್ತಿ ಹೊತ್ತು, ಹಸಿರು ಸೀರೆ, ಕುಬಸದ ರವಿಕೆ ತೆಗೆದುಕೊಂಡು ಬೀಗರ ಮನೆಗೆ ಹೋಗಿ, ಮಗಳಿಗೆ ಉಡಿ ತುಂಬಿ, ಅವಳನ್ನು ಹೆರಿಗೆಗೆ ತಮ್ಮ ಮನೆಗೆ ಕರೆತರಬೇಕು. ಮದುವೆಯಾದ ಎರಡು ವರ್ಷದಲ್ಲಿ ಸುಮಾ ನಮ್ಮ ಮನೆಯಲ್ಲಿ ಎರಡು ದಿನಕ್ಕಿಂತ ಹೆಚ್ಚು ಉಳಿದವಳಲ್ಲ. ಈಗ ತಿಂಗಳುಗಟ್ಟಲೆ ಇರುತ್ತಾಳೆ! ಶಾಂತಾ ಅವಳ ಕೋಣೆಗೆ ಸುಣ್ಣ ಹೊಡೆಸಿದ್ದಳು. ನಾನು ಗಾಡಿ ತೊಳೆಸಿದ್ದೆ. ಮಗಳನ್ನು ನನ್ನ ಗಾಡಿಯ ನಡುವಿನ ಸೀಟಿನಲ್ಲಿ, ಹೂವಿನ ಹಾಗೆ ಕೂರಿಸಿಕೊಂಡು ಬರುವ ಆ ಒಂದು ದಿನಕ್ಕಾಗಿ ನಾನು ದಿನ ಎಣಿಸುತ್ತಿದ್ದೆ.

ಬುತ್ತಿಯ ಹೊಣೆಯನ್ನು ಮಾನ್ವಿಯಲ್ಲಿರುವ ನನ್ನ ಅತ್ತೆ, ಶಾಂತಾಳ ತಾಯಿ ನೀಲಮ್ಮ ವಹಿಸಿಕೊಂಡರು. ಎಪ್ಪತ್ತಾರು ವರ್ಷದ ಆ ಮುದುಕಿ ಮೂರು ದಿನ ಒಲೆಯ ಮುಂದೆ ಕೂತು ನೂರಾ ಒಂದು ಖಡಕ್ ರೊಟ್ಟಿ ಬಡಿದಿದ್ದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬಿಳಿ ಜೋಳದ ರೊಟ್ಟಿ, ಎಲ್ಲವೂ ಕಾಗದದಷ್ಟು ತೆಳ್ಳಗೆ. ಜೊತೆಗೆ ಡಬ್ಬಿಗಳಲ್ಲಿ ಶೇಂಗಾ ಹೋಳಿಗೆ, ಕರಿಗಡುಬು, ಬೆಲ್ಲ ಬೆರೆಸಿದ ಪುಡಿಪುಡಿ ಮಾದಲಿ, ಮೂರು ತರದ ಹಿಂಡಿ, ಅಂದರೆ ಚಟ್ನಿಪುಡಿ. ಕುಬಸದ ದಿನ ಬೀಗರ ಓಣಿಯ ಹೆಂಗಸರೆಲ್ಲ ಸೇರಿ ಬುತ್ತಿ ನೋಡುತ್ತಾರೆ. ರೊಟ್ಟಿ ಎಷ್ಟು ತೆಳ್ಳಗಿವೆ, ಎಷ್ಟು ದುಂಡಗಿವೆ, ಒಂದಾದರೂ ಮುರಿದಿದೆಯೇ ಎಂದು ಎತ್ತಿ ಎತ್ತಿ ನೋಡುತ್ತಾರೆ. ಮುರಿದರೆ ಮಗಳು ವರ್ಷಗಟ್ಟಲೆ ಮಾತು ಕೇಳಬೇಕು.

ಬೆಳಿಗ್ಗೆ ಎಂಟಕ್ಕೆ ನಾನೂ ಶಾಂತಾಳೂ ಮಾನ್ವಿ ಮುಟ್ಟಿದೆವು. ಅತ್ತೆ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ, ಬಿಳಿ ಧೋತರದಲ್ಲಿ ಗಂಟು ಕಟ್ಟಿ ಇಟ್ಟಿದ್ದರು. ಗಂಟು ನನ್ನ ಮೊಣಕಾಲಿನ ಎತ್ತರಕ್ಕಿತ್ತು.

"ಅಳಿಯಾರ, ಈ ಗಂಟು ನನ್ನ ತೊಡಿ ಮ್ಯಾಲೆ ಇರ್ಲಿ. ಖಡಕ್ ರೊಟ್ಟಿ ಅಂದ್ರ ಹಸುಗೂಸು ಇದ್ದಂಗ" ಎಂದರು.

"ಅತ್ತೀ, ನಿಮಗ ಈ ಗಾಡಿ ಗೊತ್ತಿಲ್ಲ. ಡಿಕ್ಕ್ಯಾಗ ನೀರು ತುಂಬಿದ ಚರಿಗಿ ಇಟ್ರೂ ಒಂದು ಹನಿ ಚೆಲ್ಲಂಗಿಲ್ಲ."

"ನೀರು ಚೆಲ್ಲಿದ್ರ ಒರಸಬೌದಪ್ಪಾ."

ನಾನು ನಕ್ಕು, ಗಂಟನ್ನು ಡಿಕ್ಕಿಯಲ್ಲಿ ನನ್ನ ಉಕ್ಕಿನ ಪೆಟ್ಟಿಗೆಯ ಪಕ್ಕದಲ್ಲೇ ಇಟ್ಟೆ. ಅತ್ತೆ ಗಂಟಿನ ಮೇಲೆ ಕುಂಕುಮ ಹಚ್ಚಿ ಒಂದು ಮಾತು ಹೇಳಿದರು. ಕಟ್ಟಿದ ಗಂಟನ್ನು ಬೀಗರ ಮನೆಯ ಹೆಂಗಸರೇ ಬಿಚ್ಚಬೇಕು, ಹಾದಿಯಲ್ಲಿ ಏನೇ ಆದರೂ ಬಿಚ್ಚಬಾರದು. ನಾನು ಆಗಲಿ ಎಂದೆ. ಬಿಚ್ಚುವ ಪ್ರಸಂಗವಾದರೂ ಯಾಕೆ ಬರುತ್ತದೆ?

ಅರ್ಧ ದಾರಿ ಸುಖವಾಗಿ ಹೋದೆವು. ಆಮೇಲೆ ಒಂದು ಹಲಗೆ ಕಾಣಿಸಿತು. ಮುಂದೆ ಸೇತುವೆ ಕೆಲಸ ನಡೆದಿದೆ, ಎಡಗಡೆಯ ಬಳಸುದಾರಿಯಲ್ಲಿ ಹೋಗಿ ಎಂದಿತ್ತು. ನಮ್ಮ ಮುಂದಿದ್ದ ಬಸ್ಸು ಎಡಕ್ಕೆ ತಿರುಗಿತು. ಅದರ ಹಿಂದಿನ ಟ್ರ್ಯಾಕ್ಟರು ಎಡಕ್ಕೆ ತಿರುಗಿತು. ನಾನು ಬಲಕ್ಕೆ ತಿರುಗಿದೆ.

"ಎಲ್ಲಾರೂ ಆ ಕಡಿ ಹೊಂಟಾರ, ನೀವ್ಯಾಕ ಈ ಕಡಿ ತಿರುವಿದ್ರಿ?" ಶಾಂತಾ ಕೇಳಿದಳು.

"ಇಲ್ಲಿ ಗುಡ್ಡದ ಹಾದಿ ಅದ. ನಾ ಸಣ್ಣವಿದ್ದಾಗ ನಮ್ಮ ಅಜ್ಜನ ಬಂಡ್ಯಾಗ ಹೋಗೀನಿ. ಅರ್ಧ ತಾಸು ಉಳೀತದ."

"ಆಗ ನೀವು ಸಣ್ಣವ್ರಿದ್ರಿ. ಬಂಡಿನೂ ಸಣ್ಣದಿತ್ತು."

ಸತ್ಯ ಹೇಳುತ್ತೇನೆ. ಅರ್ಧ ತಾಸು ಉಳಿಸುವುದು ನನ್ನ ಉದ್ದೇಶವಾಗಿರಲಿಲ್ಲ. ಆ ದುಂಡನೆಯ ಬಟನ್ನು ನನ್ನನ್ನು ವರ್ಷದಿಂದ ಕರೆಯುತ್ತಿತ್ತು. ಕೆಳಗೆ ಡಾಂಬರು ಮುಗಿದು ಕಲ್ಲು ಕಾಣುತ್ತಲೇ ನನ್ನ ಕೈ ತಾನಾಗಿ ಅದರ ಮೇಲೆ ಹೋಯಿತು. ಮೊದಲು ಇಳಿದು ನಾಲ್ಕೂ ಟೈರಿನ ಗಾಳಿಯನ್ನು ವಿಡಿಯೊದಲ್ಲಿ ಹೇಳಿದಷ್ಟೇ ಇಳಿಸಿದೆ. ಮತ್ತೆ ಗಾಳಿ ತುಂಬಲು ಪಂಪು ಬೇಕಾಗುತ್ತದೆ ಎಂಬುದನ್ನು ಆ ವಿಡಿಯೊದವನು ಮುಂದಿನ ಭಾಗದಲ್ಲಿ ಹೇಳಿದ್ದನಂತೆ, ಅದನ್ನು ನಾನು ನೋಡಿರಲಿಲ್ಲ. ಆಮೇಲೆ ಬಟನ್ನು ತಿರುಗಿಸಿದೆ. ಟಕ್ ಎಂದಿತು. ಮುಂದೆ ಹಸಿರು ದೀಪ ಹತ್ತಿತು. ಮೈ ಜುಮ್ಮೆಂದಿತು!

ನೂರು ಮಾರು ಹೋಗುವುದರೊಳಗೆ ಮೊದಲನೆಯ ಆಘಾತ. ಹಾದಿಯ ಅಗಲ ಬಂಡಿಯಷ್ಟು, ನಮ್ಮ ಗಾಡಿಯ ಅಗಲ ಬಂಡಿಗಿಂತ ಹೆಚ್ಚು! ಎರಡೂ ಕಡೆ ಬಳ್ಳಾರಿ ಜಾಲಿ ಬೆಳೆದು ನಿಂತಿತ್ತು. ಮುಳ್ಳುಗಳು ಗಾಡಿಯ ಎರಡೂ ಮೈಮೇಲೆ ಕಿರ್ರೆಂದು ಎಳೆಯತೊಡಗಿದವು. ಗಾಡಿಯ ಸುತ್ತ ಇರುವ ಸೆನ್ಸರುಗಳು ಪ್ರತಿ ಜಾಲಿಗೂ ಹೌಹಾರಿ ಕಿವಿ ತೂತಾಗುವ ಹಾಗೆ ಟೀ ಟೀ ಎಂದು ಕೂಗಿದವು. ಹಿಂದೆ ತಿರುಗಿಸಲು ಜಾಗವಿಲ್ಲ. ಮುಂದೆ ಹೋಗುವುದೊಂದೇ ದಾರಿ.

"ಹೊಸಾ ಗಾಡೀರಿ!" ಶಾಂತಾ ಎದೆ ಹಿಡಿದುಕೊಂಡಳು.

"ಪಾಲಿಶ್ ಮಾಡಿದ್ರ ಹೋಗ್ತದ" ಎಂದೆ ಗಂಭೀರವಾಗಿ.

ಮುಂದೆ ಗುಡ್ಡದ ಮಗ್ಗುಲಲ್ಲಿ ಹಾಸುಬಂಡೆ. ಹಾದಿ ಅದರ ಮೇಲೆ ಓರೆಯಾಗಿ ಹತ್ತಿಕೊಂಡು ಹೋಗುತ್ತದೆ. ಇಂಥ ಕಡೆ ಒಬ್ಬರು ಮುಂದೆ ನಿಂತು ಕೈಸನ್ನೆ ಮಾಡಿ ದಾರಿ ತೋರಿಸಬೇಕೆಂಬುದು ನಿಯಮ. ಶಾಂತಾಳನ್ನು ಇಳಿಸಿದೆ. ರೇಷ್ಮೆ ಸೀರೆ ಎತ್ತಿ ಕಟ್ಟಿ, ಅವಳು ಬಂಡೆಯ ಮೇಲೆ ನಿಂತಳು. ಎಡಕ್ಕೆ ಬಾ ಎನ್ನಲೂ ಬಲಕ್ಕೆ ಬಾ ಎನ್ನಲೂ ಅವಳ ಹತ್ತಿರ ಒಂದೇ ಸನ್ನೆ. ಎಮ್ಮೆ ಕರೆಯುವ ಸನ್ನೆ!

"ಬರ್ರಿ... ಬರ್ರಿ... ಬರ್ರಿ... ಯವ್ವಾ!"

ಯವ್ವಾ ಅಂದರೆ ನಿಲ್ಲು ಎಂದು ಮೂರನೆಯ ಸಲಕ್ಕೆ ನನಗೆ ಅರ್ಥವಾಯಿತು. ಅಷ್ಟರಲ್ಲಿ ಗಾಡಿಯ ಹೊಟ್ಟೆ ಎರಡು ಸಲ ಬಂಡೆಗೆ ತಾಗಿತ್ತು.

ನಡುವಿನ ಸೀಟಿನಲ್ಲಿ ಅತ್ತೆ ಒಬ್ಬರೇ ಇದ್ದರು. ಗಾಡಿ ಬಂಡೆಯ ಮೇಲೆ ಒಂದು ಬದಿಗೆ ವಾಲುತ್ತಾ ಹೋದಂತೆ ಮುಂದಿನ ಪರದೆಯಲ್ಲಿ ಒಂದು ಗಾಡಿಯ ಚಿತ್ರ ಬಂದು ಅದೂ ವಾಲತೊಡಗಿತು. ಎಷ್ಟು ಡಿಗ್ರಿ ಎಂದು ಕೆಳಗೆ ಅಂಕಿ ಬೇರೆ.

"ಅಳಿಯಾರ, ಟೀವ್ಯಾಗಿನ ಗಾಡಿ ಬೀಳಾಕತ್ತದ ನೋಡ್ರಿ" ಎಂದರು ಅತ್ತೆ, ಪಾಪ, ಯಾರದೋ ಗಾಡಿಯ ಮೇಲಿನ ಕನಿಕರದಿಂದ.

"ಅತ್ತೀ, ಅದು ನಮ್ಮ ಗಾಡೀನ."

"ಯಪ್ಪಾ ಸೂಗೂರೇಶಾ!" ಎಂದು ಅವರು ಕಣ್ಣು ಮುಚ್ಚಿದವರು, ಗುಡ್ಡ ಇಳಿಯುವವರೆಗೆ ತೆರೆಯಲಿಲ್ಲ.

ಅಂಕಿ ಇಪ್ಪತ್ತೈದಕ್ಕೆ ಹೋಯಿತು. ಆದರೆ ಗಾಡಿ ಬೀಳಲಿಲ್ಲ. ಹತ್ತಿತು! ಒಂದು ಸಲವೂ ಸಿಕ್ಕಿಕೊಳ್ಳದೆ, ಒಂದು ಸಲವೂ ಜಾರದೆ ಹತ್ತಿತು. ಮೇಲೆ ನಿಂತು ನಾನು ಸುತ್ತ ನೋಡಿದೆ. ಚಪ್ಪಾಳೆ ತಟ್ಟಲು ಯಾರೂ ಇರಲಿಲ್ಲ. ಶಾಂತಾ ಕಾಲಿಗೆ ಚುಚ್ಚಿದ ಮುಳ್ಳು ತೆಗೆದುಕೊಳ್ಳುತ್ತಿದ್ದಳು.

ಶಾಂತಾಳನ್ನು ಹತ್ತಿಸಿಕೊಂಡು ಇಳಿಯುವಾಗ ಹಿಂದಿನಿಂದ ಒಂದು ಸಪ್ಪಳ ಬಂತು. ದಡ್. ಅದರ ಬೆನ್ನಿಗೇ ಕರಕ್. ಆಮೇಲೆ ಪ್ರತಿ ಕಲ್ಲಿಗೂ ಕರಕರಕರ.

"ರೀ, ಅದು ರೊಟ್ಟಿ!"

"ರೊಟ್ಟಿ ಅಲ್ಲ. ಟೈರಿನ ಕೆಳಗ ಕಲ್ಲು."

"ಕಲ್ಲು ಒಳಗ ಬಂದು ಸಪ್ಪಳ ಮಾಡ್ತದೇನು? ನಿಲ್ಲಸ್ರಿ, ಬಿಚ್ಚಿ ನೋಡೂಣು."

"ಹಾದ್ಯಾಗ ಬುತ್ತಿ ಬಿಚ್ಚಂಗಿಲ್ಲ!" ಅತ್ತೆ ಕಣ್ಣು ಮುಚ್ಚಿಕೊಂಡೇ ಗದರಿದರು.

ನನಗೂ ಅದೇ ಬೇಕಾಗಿತ್ತು. ಹಿರಿಯರ ಮಾತಿಗೆ ಎದುರಾಡಬಾರದೆಂದು ಶಾಂತಾಳಿಗೆ ತಿಳಿಹೇಳಿದೆ.

ಗುಡ್ಡದ ಬುಡದಲ್ಲಿ ಕುರಿ ಕಾಯುವ ಅಜ್ಜನೊಬ್ಬ ಕೋಲಿಗೆ ಗದ್ದ ಊರಿ ನಿಂತಿದ್ದ.

"ಒಂದು ತಾಸಿನಿಂದ ನೋಡಾಕತ್ತೀನ್ರಿ ಸಾವ್ಕಾರ್ರ. ಗುಡ್ಡದ ಮ್ಯಾಲೆ ಏನು ಕಳಕಂಡೀರಿ?"

"ಏನೂ ಕಳಕಂಡಿಲ್ಲಪ್ಪಾ. ದೇವದುರ್ಗಕ್ಕ ಹೊಂಟೀವಿ."

"ಮತ್ತ ರೋಡು ಅಲ್ಲಿ ಅದಲ್ರಿ!"

ಅವನು ಕೋಲೆತ್ತಿ ತೋರಿಸಿದ. ಜಾಲಿಯ ಆಚೆ, ಇಪ್ಪತ್ತು ಹೆಜ್ಜೆಯ ದೂರದಲ್ಲಿ, ಹೊಚ್ಚ ಹೊಸ ಸಿಮೆಂಟು ರಸ್ತೆ! ಬಳಸುದಾರಿ ಗುಡ್ಡದ ಬುಡವನ್ನು ಸುತ್ತಿಕೊಂಡು ಸೀದಾ ಅಲ್ಲಿಗೇ ಬರುತ್ತಿತ್ತು. ಎರಡು ಕಿಲೋಮೀಟರಿಗೆ ನಾನು ಒಂದು ತಾಸು ಹತ್ತು ನಿಮಿಷ ತೆಗೆದುಕೊಂಡಿದ್ದೆ. ನಾನು ಬಾಯಿ ಬಿಟ್ಟು ನೋಡುತ್ತಿದ್ದಂತೆ ಆ ರಸ್ತೆಯಲ್ಲಿ ಒಬ್ಬ ಮುದುಕ ಸೈಕಲ್ಲಿನಲ್ಲಿ, ಒಂದು ಕೈಯಲ್ಲಿ ಛತ್ರಿ ಹಿಡಿದು ಹಾಯಾಗಿ ಹೋದ.

ಶಾಂತಾ ಮೊಬೈಲಿನಲ್ಲಿ ಟೈಮು ನೋಡಿ, ಅದನ್ನು ನನ್ನ ಮುಖದ ಮುಂದೆ ಹಿಡಿದಳು.

ದೇವದುರ್ಗ ಮುಟ್ಟಿದಾಗ ಹನ್ನೊಂದೂ ಮುಕ್ಕಾಲು. ಹನ್ನೆರಡರೊಳಗೆ ಉಡಿ ತುಂಬಬೇಕು. ಅವಸರದಲ್ಲಿ ಡಿಕ್ಕಿ ತೆಗೆದೆ. ನನ್ನ ಉಕ್ಕಿನ ಪೆಟ್ಟಿಗೆ ರೊಟ್ಟಿಯ ಗಂಟಿನ ಮೇಲೆ ಆರಾಮಾಗಿ ಕೂತಿತ್ತು. ಗಾಡಿ ಸಿಕ್ಕಿಕೊಂಡರೆ ಬೇಕಾಗುತ್ತದೆಂದು ತಂದ ಪೆಟ್ಟಿಗೆ! ಗಾಡಿ ಸಿಕ್ಕಿಕೊಳ್ಳಲೇ ಇಲ್ಲ. ಸಿಕ್ಕಿಕೊಂಡದ್ದು ರೊಟ್ಟಿ. ಪೆಟ್ಟಿಗೆ ಸರಿಸಿ ನೋಡಿದರೆ, ಮೊಣಕಾಲೆತ್ತರದ ಗಂಟು ಗೇಣೆತ್ತರಕ್ಕೆ ಇಳಿದಿತ್ತು. ಯಾರೂ ನೋಡದ ಹಾಗೆ ಧೋತರದ ತುದಿ ಹಿಡಿದು ಮೇಲಕ್ಕೆ ಜಗ್ಗಿ, ಗಂಟು ಎತ್ತರವಾಗಿ ಕಾಣುವಂತೆ ಮಾಡಿ ಒಳಗೆ ಒಯ್ದೆ.

ನಮ್ಮ ಬೀಗತಿ, ಅಂದರೆ ಸುಮಾಳ ಅತ್ತೆ ಬಸಲಿಂಗಮ್ಮನವರು ನಕ್ಕದ್ದನ್ನು ನಾನು ಮದುವೆಯ ಫೋಟೊಗಳಲ್ಲೂ ನೋಡಿಲ್ಲ. ಎತ್ತರದ ಹೆಂಗಸು, ಹಣೆಯ ತುಂಬ ವಿಭೂತಿ, ಕಡಿಮೆ ಮಾತು. ಅವರ ಮಗ, ನಮ್ಮ ಅಳಿಯ ಸೈತ ಅವ್ವನ ಹಿಂದೆ ಒಂದು ಹೆಜ್ಜೆ ಸರಿದೇ ನಿಲ್ಲುತ್ತಾನೆ. ಪಡಸಾಲೆಯ ತುಂಬ ಓಣಿಯ ಹೆಂಗಸರು. ನಡುವೆ ಮಣೆಯ ಮೇಲೆ ಹಸಿರು ಬಳೆ ತೊಟ್ಟು ನನ್ನ ಸುಮಾ ಕೂತಿದ್ದಳು. ಮುಖ ತುಂಬಿಕೊಂಡು ಎಷ್ಟು ಚೆಂದ ಕಾಣುತ್ತಿದ್ದಳೆಂದರೆ ನನಗೆ ಒಂದು ಕ್ಷಣ ರೊಟ್ಟಿಯೇ ಮರೆತುಹೋಯಿತು.

ಉಡಿ ತುಂಬಿದ್ದಾಯಿತು, ಆರತಿಯಾಯಿತು. ಬಸಲಿಂಗಮ್ಮನವರು ಬುತ್ತಿಯ ಮುಂದೆ ಕೂತು ಗಂಟು ಬಿಚ್ಚಿದರು.

ಹೆಂಗಸರೆಲ್ಲ ಬಗ್ಗಿ ನೋಡಿದರು.

ರೊಟ್ಟಿ ಇರಲಿಲ್ಲ. ಒಂದೂ ಇರಲಿಲ್ಲ! ಧೋತರದ ತುಂಬ ಬಿಳಿ ಕರಿ ಬೆರೆತ ನುಚ್ಚು, ಅದರಲ್ಲಿ ಅಲ್ಲಲ್ಲಿ ಎಳ್ಳು.

"ಮಾದ್ಲಿ ಬಾಳ ತಂದಾರ ನೋಡವ್ವಾ" ಎಂದಳು ಮೂಲೆಯಲ್ಲಿದ್ದ ಒಬ್ಬ ಮುದುಕಿ. ಪಕ್ಕದವಳು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, "ಬೆಲ್ಲಾನ ಹಾಕಿಲ್ಲಲ್ಲ!" ಎಂದಳು.

ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡರು. ಸುಮಾಳ ಮುಖ ಸಣ್ಣದಾಯಿತು. ನನಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಆಗ ಬಸಲಿಂಗಮ್ಮನವರು ತಲೆ ಎತ್ತಿದರು.

"ನಾನ ಹೇಳಿ ಕಳಿಸಿದ್ದೆ" ಎಂದರು, ಎಲ್ಲರಿಗೂ ಕೇಳುವ ಹಾಗೆ. "ನಮ್ಮ ಸೊಸಿಗೆ ಹಲ್ಲು ನೋವು. ಖಡಕ್ ರೊಟ್ಟಿ ಕಡಿಯಾಕ ಆಗಂಗಿಲ್ಲ, ಪುಡಿ ಮಾಡಿ ತರ್ರಿ ಅಂದಿದ್ದೆ."

ಸುಮಾ ತಟ್ಟನೆ ಗಲ್ಲದ ಮೇಲೆ ಕೈಯಿಟ್ಟುಕೊಂಡಳು. ಹೆಂಗಸರೆಲ್ಲ, ಹೌದವ್ವಾ, ಬಸುರಾಗಿದ್ದಾಗ ಹಲ್ಲು ನೋವು ಬಾಳ, ಎಂದು ತಲೆಯಾಡಿಸಿದರು. ನಾನು ದಂಗಾದೆ! ಎರಡು ವರ್ಷದಿಂದ ನಾನು ಹೆದರುತ್ತಿದ್ದ ಹೆಂಗಸು ನಮ್ಮ ಮಾನ ಉಳಿಸಿದ್ದಳು.

ಇಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಸ್ವಲ್ಪ ಬುದ್ಧಿ ಇದ್ದವನು ಬಾಯಿ ಮುಚ್ಚಿಕೊಂಡು ಹೋಳಿಗೆ ಉಣ್ಣುತ್ತಿದ್ದ. ಆದರೆ ನನಗೆ ಒಂದು ಸಂಗತಿ ಚುಚ್ಚಿತು. ಅಷ್ಟು ದೊಡ್ಡ ಗುಡ್ಡ ಹತ್ತಿಸಿದ್ದೇನೆ, ಅದರ ಸುದ್ದಿಯೇ ಯಾರಿಗೂ ತಿಳಿಯದೆ ಹೋಗುತ್ತದಲ್ಲ! ಜೊತೆಗೆ ಮಗಳ ಹಲ್ಲಿನ ಮೇಲೆ ಸುಳ್ಳು ಅಪವಾದ ಬೇರೆ.

"ಛೇ ಛೇ, ಹಲ್ಲು ನೋವಲ್ರಿ ಅಕ್ಕಾರ!" ಎಂದುಬಿಟ್ಟೆ. "ನಾವು ಗುಡ್ಡದ ಮ್ಯಾಲಿಂದ ಬಂದೀವಿ! ಕಲ್ಲಾಗ, ಮುಳ್ಳಿನ್ಯಾಗ! ಗಾಡಿ ಇಪ್ಪತ್ತೈದು ಡಿಗ್ರಿ ವಾಲಿತ್ತು, ಆದ್ರೂ ಬೀಳ್ಲಿಲ್ಲ!"

ಶಾಂತಾ ಹಣೆ ಹಣೆ ಬಡಿದುಕೊಂಡಳು. ಸುಮಾ ಗಲ್ಲದಿಂದ ಕೈ ತೆಗೆದು ಮುಖ ಮುಚ್ಚಿಕೊಂಡಳು. ಓಣಿಯ ಹೆಂಗಸರು ಬಸಲಿಂಗಮ್ಮನವರ ಕಡೆ ನೋಡಿದರು, ಆಮೇಲೆ ನನ್ನ ಕಡೆ ನೋಡಿದರು. ಬಸಲಿಂಗಮ್ಮನವರು ನನ್ನನ್ನು ಮಾತ್ರ ನೋಡುತ್ತಿದ್ದರು.

ಊಟವಾದ ಮೇಲೆ ಅವರು ನನ್ನನ್ನು ಕರೆದರು. "ಬೀಗ್ರ, ಸ್ವಲ್ಪ ಹೊರಗ ಬರ್ರಿ."

ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. ಜಾಲಿ ಮುಳ್ಳಿನ ಗೀರುಗಳ ಮೇಲೆ ಬೆರಳು ಆಡಿಸಿದರು. ಅರ್ಧ ಗಾಳಿಯ ಟೈರನ್ನು ಕಾಲಿನಿಂದ ಒತ್ತಿ ನೋಡಿದರು. ಡಿಕ್ಕಿ ತೆಗೆಸಿ ಒಳಗಿನ ರೊಟ್ಟಿಯ ಪುಡಿಯನ್ನು ನೋಡಿದರು.

"ನೂರಾ ಒಂದು ರೊಟ್ಟ್ಯಾಗ ಒಂದರ ಉಳದದ ಏನ್ರಿ?"

"ಇಲ್ರಿ ಅಕ್ಕಾರ."

"ಇದ ಗಾಡ್ಯಾಗ ನನ್ನ ಸೊಸಿನ್ನ, ಅಕಿ ಹೊಟ್ಯಾಗಿನ ಕೂಸಿನ್ನ ಕಳಸ್ಬೇಕೇನ್ರಿ ನಾನು?"

ಮಗಳನ್ನು ಕರೆದುಕೊಂಡು ಹೋಗಲೆಂದೇ ಬಂದವನು ನಾನು! ಡಾಂಬರು ರಸ್ತೆ ಬಿಟ್ಟು ಇಳಿಯುವುದಿಲ್ಲವೆಂದೆ. ಆಣೆ ಮಾಡುತ್ತೇನೆಂದೆ. ಇಪ್ಪತ್ತೈದು ವರ್ಷದ ನನ್ನ ಅನುಭವ ಹೇಳಿದೆ.

"ಆಣಿ ಬ್ಯಾಡ್ರಿ" ಎಂದು ಅವರು ಒಳಗೆ ಹೋದರು. ಹೊರಬಂದಾಗ ಅವರ ಅಂಗೈಯ ಮೇಲೆ ಒಂದು ಖಡಕ್ ರೊಟ್ಟಿ ಇತ್ತು. ಅವರ ಮನೆಯದು. ಊಟದ ತಟ್ಟೆಯಷ್ಟು ಅಗಲ, ಬೆರಳು ತಾಕಿಸಿದರೆ ಮುರಿಯುವಷ್ಟು ತೆಳ್ಳಗೆ. ಅದನ್ನು ಗಾಡಿಯ ನಡುವಿನ ಸೀಟಿನ ಮೇಲೆ ಇಟ್ಟರು.

"ಇದನ್ನ ತಗೊಂಡು ರಾಯಚೂರಿಗೆ ಹೋಗ್ರಿ. ಮುರೀಲಾರ್ದ ಮುಟ್ಟಿದ್ರ ನಾಳೆ ಬಂದು ಸೊಸಿನ್ನ ಕರಕೊಂಡು ಹೋಗ್ರಿ. ಮುರೀತಂದ್ರ ನನ್ನ ಮುಂದ ಈ ಮಾತು ಎತ್ತಬ್ಯಾಡ್ರಿ."

ಐವತ್ತನಾಲ್ಕನೇ ವಯಸ್ಸಿಗೆ ನನಗೆ ಡ್ರೈವಿಂಗ್ ಪರೀಕ್ಷೆ! ಪರೀಕ್ಷಕರ ಸ್ಥಾನದಲ್ಲಿ ರೊಟ್ಟಿ!

"ಕೆಳಗ ಒಂದು ದಿಂಬರ ಇಡ್ಲೇನ್ರಿ?" ಎಂದು ಕೇಳಿದೆ.

"ನನ್ನ ಸೊಸಿ ಹ್ಯಾಂಗ ಕೂಡ್ತಾಳ, ಅದೂ ಹಂಗ ಕೂಡ್ಬೇಕು."

ಹಾಗಾದರೆ ಸೀಟ್ ಬೆಲ್ಟ್ ಹಾಕಬೇಕು ಎಂದು ನಾನು ಕೈ ಹಾಕಿದೆ. "ಬೆಲ್ಟ್ ಹಾಕಿದ್ರ ಇಲ್ಲೇ ಮುರೀತದ, ಬಿಡ್ರಿ!" ಎಂದು ಶಾಂತಾ ಚೀರಿದಳು. ಅವಳೂ ಅತ್ತೆಯೂ ಸುಮಾಳ ಜೊತೆ ಅಲ್ಲೇ ಉಳಿದರು. ಸುಮಾ ಕಿಟಕಿಯ ಹತ್ತಿರ ಬಂದು ಪಿಸುಗುಟ್ಟಿದಳು. "ಅಪ್ಪಾ, ನಿಧಾನಕ್ಕ ಹೋಗು. ನಾ ಮನಿಗಿ ಬರಬೇಕು." ಅವಳ ಕಣ್ಣಲ್ಲಿ ನೀರಿತ್ತು. ನಾನು ಗಾಡಿ ಚಾಲೂ ಮಾಡಿದೆ.

ಊರ ಹೊರಗೆ ಟೈರಿಗೆ ಗಾಳಿ ಹಾಕಿಸಿದಾಗ ಎರಡು ಗಂಟೆ. ಕನ್ನಡಿಯನ್ನು ಹಿಂದಿನ ರಸ್ತೆ ಕಾಣುವ ಹಾಗೆ ಅಲ್ಲ, ರೊಟ್ಟಿ ಕಾಣುವ ಹಾಗೆ ತಿರುಗಿಸಿಕೊಂಡೆ. ಜೀವಮಾನದಲ್ಲಿ ಅಷ್ಟು ಎಚ್ಚರದಿಂದ ನಾನು ಗಾಡಿ ಓಡಿಸಿಲ್ಲ. ಸಣ್ಣ ಕಲ್ಲು ಕಂಡರೂ ಇಳಿದು, ಅದನ್ನು ಎತ್ತಿ ಬದಿಗೆ ಹಾಕಿ ಮುಂದೆ ಹೋದೆ. ಬಸ್ಸುಗಳು ಹಾರ್ನ್ ಬಡಿದು ದಾಟಿದವು. ಟ್ರ್ಯಾಕ್ಟರುಗಳು ದಾಟಿದವು. ಹೊಲದಿಂದ ಮನೆಗೆ ಹೊರಟ ಎರಡು ಎತ್ತುಗಳೂ ದಾಟಿದವು.

ಗಬ್ಬೂರಿನ ಹತ್ತಿರ ರಸ್ತೆಗೆ ಅಡ್ಡವಾಗಿ ಒಂದು ದೊಡ್ಡ ಉಬ್ಬು. ಗಾಡಿ ನಿಲ್ಲಿಸಿ, ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ನಡೆದುಕೊಂಡು ಉಬ್ಬು ದಾಟಿಸಿದೆ. ಗೆದ್ದೆ ಅಂದುಕೊಂಡೆ. ತಿರುಗಿ ನೋಡಿದರೆ ಗಾಡಿ ಆ ಕಡೆಯೇ ಇತ್ತು! ರೊಟ್ಟಿಯನ್ನು ಡಾಂಬರಿನ ಮೇಲೆ ಇಡುವ ಹಾಗಿಲ್ಲ, ಬಿಟ್ಟು ಹೋಗಿ ಗಾಡಿ ತರುವ ಹಾಗಿಲ್ಲ. ಚಹಾದ ಅಂಗಡಿಯ ಮುಂದೆ ಕೂತಿದ್ದ ನಾಲ್ಕು ಜನ ಎದ್ದು ನಿಂತು ನೋಡುತ್ತಿದ್ದರು.

"ಏನ್ರೀ ಸಾವ್ಕಾರ್ರ, ರೊಟ್ಟಿಗೆ ಡ್ರೈವರ್ ಆಗೀರೇನು?"

ನಾನು ರೊಟ್ಟಿಯನ್ನು ವಾಪಸು ತಂದು ಸೀಟಿನ ಮೇಲಿಟ್ಟೆ. ಮೋಸ ಮಾಡಿ ಪಾಸಾಗುವುದು ಬೇಡ ಎಂದು ಮನಸ್ಸಿಗೆ ಹೇಳಿಕೊಂಡೆ. ಆಮೇಲೆ ಇರುವೆ ನಡೆದಂತೆ ಉಬ್ಬು ಹತ್ತಿಸಿ ಇಳಿಸಿದೆ. ಆ ನಾಲ್ವರು ನಿಜವಾಗಿಯೂ ಚಪ್ಪಾಳೆ ತಟ್ಟಿದರು.

ರಾಯಚೂರಿನಲ್ಲಿ ನಮ್ಮ ಮನೆ ಮುಟ್ಟಿದಾಗ ಸಂಜೆ ಏಳು. ಹಿಂದಿನ ಬಾಗಿಲು ತೆಗೆದೆ. ರೊಟ್ಟಿ ಹೇಗಿತ್ತೋ ಹಾಗೇ ಇತ್ತು. ಒಂದು ಬಿರುಕಿಲ್ಲ! ನಾನು ಆ ಗಾಡಿ ಕೊಂಡ ದಿನವೂ ಅಷ್ಟು ಸಂತೋಷಪಟ್ಟಿರಲಿಲ್ಲ. ಶಾಂತಾಳ ಮೊಬೈಲಿಗೆ ವಿಡಿಯೊ ಕಾಲ್ ಮಾಡಿದೆ. ಅತ್ತ ಬಸಲಿಂಗಮ್ಮನವರು, ಶಾಂತಾ, ಅತ್ತೆ, ಸುಮಾ ಎಲ್ಲರ ಮುಖಗಳೂ ಪರದೆಯಲ್ಲಿ ಒಟ್ಟಿಗೆ ತುಂಬಿಕೊಂಡವು.

"ಹೊಳ್ಳಿಸಿ ತೋರಸ್ರಿ" ಎಂದರು ಬಸಲಿಂಗಮ್ಮನವರು. ಹೊರಳಿಸಿದೆ. "ಅಂಚು ತೋರಸ್ರಿ." ಸುತ್ತಲೂ ತೋರಿಸಿದೆ.

"ಬೇಷ್" ಎಂದರು. ಅಷ್ಟೇ ಅಲ್ಲ, ನಕ್ಕರು ಕೂಡ! ಸುಮಾ ಚಪ್ಪಾಳೆ ತಟ್ಟಿದಳು. ನನ್ನ ಕಣ್ಣು ಒದ್ದೆಯಾಯಿತು.

"ಎಷ್ಟು ತಾಸು ಹಿಡೀತ್ರಿ ಬೀಗ್ರ?"

"ಐದು ತಾಸು ಅಷ್ಟ್ರಿ ಅಕ್ಕಾರ!" ಎಂದೆ ಎದೆ ಉಬ್ಬಿಸಿ.

ನಗು ನಿಂತಿತು.

"ಒಂದೂವರಿ ತಾಸಿನ ಹಾದಿಗೆ ಐದು ತಾಸು?"

"ನಿಧಾನಕ್ಕ ಬಂದೆ ನೋಡ್ರಿ, ಅದಕ..."

"ಬೀಗ್ರ, ನೀವು ಜೋರು ಹೊಡದ್ರ ಎಲ್ಲಾ ಪುಡಿ ಆಗ್ತದ. ನಿಧಾನ ಹೊಡದ್ರ ಇಕಿ ಹಾದ್ಯಾಗ ಹಡೀತಾಳ. ನಾಳೆ ಮುಂಜಾನಿ ಬಸ್ಸಿಗೆ ಕಳಸ್ತೀನಿ. ಮುಂದಿನ ಸೀಟು ಹಿಡಿದು ಕುಂದ್ರಸ್ತೀನಿ, ನೀವು ಕಾಳಜಿ ಮಾಡಬ್ಯಾಡ್ರಿ."

ಫೋನು ಕಟ್ಟಾಯಿತು. ನಾನು ರೊಟ್ಟಿ ಹಿಡಿದುಕೊಂಡು ಅಡುಗೆಮನೆಗೆ ಹೋದೆ. ಮನೆಯಲ್ಲಿ ಅಡುಗೆ ಮಾಡುವವರು ಯಾರೂ ಇರಲಿಲ್ಲ. ಹಸಿವೆ ತಡೆಯಲಾರದೆ ಪಾಸಾದ ರೊಟ್ಟಿಯನ್ನೇ ಮುರಿದು ಹಿಂಡಿ ಹಚ್ಚಿಕೊಂಡು ತಿಂದೆ.

ಮರುದಿನ ಹತ್ತಕ್ಕೆ ರಾಯಚೂರು ಬಸ್ ನಿಲ್ದಾಣದ ಮುಂದೆ ನಾನೂ ನನ್ನ ಗಾಡಿಯೂ ಹಾಜರು. ನಡುವಿನ ಬಾಗಿಲು ತೆರೆದು, ಎರಡು ದಿಂಬು ಇಟ್ಟು, ಎ.ಸಿ. ಹಾಕಿ ನಿಂತಿದ್ದೆ. ನಿಲ್ದಾಣದಿಂದ ಮನೆಗೆ ಬರೀ ಎರಡು ಕಿಲೋಮೀಟರು. ಅಷ್ಟಾದರೂ ಮಗಳನ್ನು ಕೂರಿಸಿಕೊಂಡು ಹೋಗುವ ಪುಣ್ಯ ಸಿಗಬಹುದಲ್ಲ! ಶಾಂತಾಳ ಕೈ ಹಿಡಿದು ಸುಮಾ ನಿಧಾನವಾಗಿ ನಡೆದು ಬಂದಳು. ಹಿಂದೆ ಅತ್ತೆ. ಮಗಳು ಗಾಡಿಯ ಗೀರುಗಳನ್ನು ನೋಡಿದಳು, ನನ್ನನ್ನು ನೋಡಿದಳು.

"ಅಪ್ಪಾ, ನಾವು ಆಟೋದಾಗ ಬರ್ತೀವಿ. ನೀನು ಬ್ಯಾಗು ತಗೊಂಡು ಬಾ. ಅದರಾಗ ಬರೇ ಬಟ್ಟಿ ಅದಾವ."

ಅತ್ತೆ ಅಷ್ಟರಲ್ಲಿ ಆಟೋಕ್ಕೆ ಕೈ ಮಾಡಿಯೇ ಬಿಟ್ಟಿದ್ದರು.

ಹೀಗೆ ನಮ್ಮ ಮೆರವಣಿಗೆ ಹೊರಟಿತು. ಮುಂದೆ ಆಟೋದಲ್ಲಿ ಮೂವರು ಹೆಂಗಸರು, ಹಿಂದೆ ಏಳು ಸೀಟಿನ ಗಾಡಿಯಲ್ಲಿ ನಾನು ಮತ್ತು ಬ್ಯಾಗು. ಮಗಳು ಕಣ್ಣಿಗೆ ಕಾಣುತ್ತಿರಲೆಂದು ನಾನು ಆಟೋದ ಬೆನ್ನಿಗೇ ಅಂಟಿಕೊಂಡು ಹೋಗುತ್ತಿದ್ದೆ. ಆಟೋದವನು ಎರಡು ಸಲ ಹಿಂದೆ ತಿರುಗಿ ನೋಡಿದ. ಮೂರನೆಯ ಸಲಕ್ಕೆ ಬದಿಗೆ ನಿಲ್ಲಿಸಿ ತಲೆ ಹೊರಗೆ ಹಾಕಿದ.

"ಏ ದೊಡ್ಡ ಗಾಡಿಯವ್ರ, ಸ್ವಲ್ಪ ದೂರ ಇರ್ರಿ! ಒಳಗ ಬಸುರಿ ಹೆಣ್ಮಗಳು ಕುಂತಾಳ!"

"ಲೇ ತಮ್ಮಾ, ಅಕಿ ನನ್ನ ಮಗಳೋ!" ಎಂದು ಕೂಗಿದೆ.

ಅವನಿಗೆ ನಂಬಿಕೆ ಬರಲಿಲ್ಲ. ಒಳಗೆ ಬಗ್ಗಿ ಸುಮಾಳನ್ನೇ ಕೇಳಿದ. ಅವಳು ಹಿಂದೆ ತಿರುಗಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನನ್ನನ್ನು ನೋಡಿದಳು.

"ಹೌದ್ರಿ, ನಮ್ಮ ಅಪ್ಪಾನ ಅದಾನ" ಎಂದಳು. "ಆದ್ರೂ ನೀವು ಸ್ವಲ್ಪ ಮುಂದ ನಡೀರಿ."